ಚಿತ್ರಶಾಲೆಯ ಬಾಗಿಲು ಯಾರಿಗೆ?

(ನಮ್ಮ ಊರಿನ ಕಾರ್ಮಿಕ ಭವನದಲ್ಲಿ ಭಾನುವಾರ ಸಂಜೆ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆ ಕರೆದ ಕಾರಣ ನಿಮಗೆ ಗೊತ್ತೇ ಇದೆ. ನಮ್ಮ ಊರಿನ ಐದು ಮಂದಿ ಕಲಾವಿದರು ಈ ಭವನವನ್ನು ಎಂಟು ದಿನ ಬಿಟ್ಟುಕೊಡಿ ಎಂದು ಕೇಳಿದ್ದಾರೆ. ಅವರಲ್ಲಿ ಇಬ್ಬರು ಶಾಲೆಯ ಚಿತ್ರಕಲೆಯ ಮೇಷ್ಟ್ರು. ಒಬ್ಬ ನಿಮ್ಮ ಅಂಗಡಿಗಳಿಗೆ ಬೋರ್ಡು ಬರೆದುಕೊಡುವ ಹುಡುಗ. ಒಬ್ಬಾಕೆ ನೂಲುವ ಖಾತೆಯಲ್ಲಿದ್ದ ಕೆಲಸಗಾರರೊಬ್ಬರ ಮಗಳು. ಐದನೆಯವನು ಗಣಪತಿ ಮಾಡುವ ಮನೆತನದವನು. ವರ್ಷಕ್ಕೆ ಮೂರು ತಿಂಗಳು ಗಣಪತಿ, ಉಳಿದ ಒಂಬತ್ತು ತಿಂಗಳು ತನ್ನ ಮನಸ್ಸಿಗೆ ಬಂದ ಶಿಲ್ಪ. ಊರಿನ ದೊಡ್ಡ ಸಭಾಂಗಣದ ಬಾಡಿಗೆಯನ್ನು ಅವರು ಕೊಡಲಾರರು. ಆದ್ದರಿಂದ ನಮ್ಮ ಬಳಿಗೆ ಬಂದಿದ್ದಾರೆ.

ಭವನವನ್ನು ಕೊಟ್ಟರೆ ಎಂಟು ದಿನದ ಮದುವೆ ಬಾಡಿಗೆ ನಮಗೆ ತಪ್ಪುತ್ತದೆ. ಕಷ್ಟಕ್ಕೆ ಸಿಕ್ಕಿದ ಸದಸ್ಯರಿಗೆ ಸಹಾಯ ಹೋಗುವುದು ಆ ಬಾಡಿಗೆಯಿಂದಲೇ ಎಂಬುದನ್ನು ನಾವು ಮರೆತಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಹಿರಿಯರೊಬ್ಬರು, ಮೂವತ್ತು ವರ್ಷ ಸಾಂಚೆಯ ಮುಂದೆ ನಿಂತು ದುಡಿದವರು, ನೇರವಾಗಿಯೇ ಕೇಳಿದರು: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೆ?" ಇದು ನಗುವ ಮಾತಲ್ಲ. ಬದಲಿ ಕೆಲಸಗಾರನಾಗಿ ತಿಂಗಳಿಗೆ ಹದಿನೈದು ದಿನ ಕೂಲಿ ಸಿಗುವವನು ಈ ಪ್ರಶ್ನೆಯನ್ನು ಕೇಳಲೇಬೇಕು. ಅದಕ್ಕೆ ಉತ್ತರ ಕೊಡದೆ ಬರಿಯ ಸಂಸ್ಕೃತಿಯ ಮಾತಾಡಿ ಹೋಗುವುದು ನಮಗೆ ಸಲ್ಲದು. ಆ ಉತ್ತರಕ್ಕಾಗಿ ನಾವು ನಿಮ್ಮನ್ನು ಸ್ವಲ್ಪ ಹೊತ್ತು ಮುಂಬಯಿಗೆ, 1949ಕ್ಕೆ ಕರೆದುಕೊಂಡು ಹೋಗುತ್ತೇವೆ.

ಆ ವರ್ಷದ ಜುಲೈ ತಿಂಗಳಿನಲ್ಲಿ ಮುಂಬಯಿಯ ಕೋಟೆ ಭಾಗದ ರ‍್ಯಾಂಪಾರ್ಟ್ ರೋ ಎಂಬ ಬೀದಿಯಲ್ಲಿ, ಬಾಂಬೆ ಆರ್ಟ್ ಸೊಸೈಟಿಯ ಚಿತ್ರಶಾಲೆಯಲ್ಲಿ, ಆರು ಮಂದಿ ಸೇರಿ ಒಂದು ಪ್ರದರ್ಶನ ಇಟ್ಟರು. ಐವರು ಚಿತ್ರಗಾರರು, ಒಬ್ಬ ಶಿಲ್ಪಿ. ತಮ್ಮನ್ನು ಅವರು ಪ್ರಗತಿಶೀಲ ಕಲಾವಿದರ ಬಳಗ ಎಂದು ಕರೆದುಕೊಂಡಿದ್ದರು. ಸ್ವಾತಂತ್ರ್ಯ ಬಂದ 1947ರಲ್ಲೇ ಆ ಬಳಗ ಹುಟ್ಟಿತ್ತು. ಪ್ರದರ್ಶನವನ್ನು ಉದ್ಘಾಟಿಸಿದವರು ಮುಲ್ಕ್ ರಾಜ್ ಆನಂದ್. "ಕೂಲಿ" ಎಂಬ ಕಾದಂಬರಿ ಬರೆದವರು, ಪ್ರಗತಿಶೀಲ ಲೇಖಕರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ನಮ್ಮ ಕನ್ನಡದಲ್ಲಿ ಅ. ನ. ಕೃಷ್ಣರಾಯರು ಮತ್ತು ಅವರ ಜೊತೆಯವರು ಎತ್ತಿ ಹಿಡಿದದ್ದೂ ಅದೇ ಪ್ರಗತಿಶೀಲ ಎಂಬ ಹೆಸರನ್ನೇ.

ಈ ಆರು ಮಂದಿ ಯಾರು? ಧಣಿಗಳ ಮಕ್ಕಳೆ? ನೋಡೋಣ.

ಕೃಷ್ಣಾಜಿ ಹೌಳಾಜಿ ಆರಾ ಹುಟ್ಟಿದ್ದು 1914ರಲ್ಲಿ, ಸಿಕಂದರಾಬಾದಿನ ಹತ್ತಿರದ ಬೊಲಾರಮ್ಮಿನಲ್ಲಿ. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಮುಂಬಯಿಗೆ ಓಡಿಬಂದರು. ಸಾಹೇಬರ ಮನೆಯಲ್ಲಿ ಆಳಾಗಿದ್ದರು, ಮೋಟಾರು ತೊಳೆದು ಹೊಟ್ಟೆ ಹೊರೆದರು. ಉಪ್ಪಿನ ಸತ್ಯಾಗ್ರಹದಲ್ಲಿ ಸೇರಿ ಜೈಲಿಗೂ ಹೋದರು. ಅವರ ಮೊದಲ ಸ್ವಂತ ಪ್ರದರ್ಶನ 1942ರಲ್ಲಿ ಆದದ್ದು ಚೇತನಾ ಎಂಬ ಒಂದು ಹೋಟೆಲಿನಲ್ಲಿ.

ಮಕ್ಬೂಲ್ ಫಿದಾ ಹುಸೇನ್ ಪಂಢರಪುರದವರು. ಸಿನಿಮಾ ಹೋರ್ಡಿಂಗು ಬರೆದು ಬದುಕಿದರು. ಅದಾದ ಮೇಲೆ ಮಕ್ಕಳ ಮರದ ಆಟಿಗೆ ಮತ್ತು ಪೀಠೋಪಕರಣಗಳಿಗೆ ನಕ್ಷೆ ಮಾಡಿಕೊಟ್ಟರು. ಫ್ರಾನ್ಸಿಸ್ ನ್ಯೂಟನ್ ಸೋಜಾ ಪೋರ್ಚುಗೀಸರ ಕೈಯಲ್ಲಿದ್ದ ಗೋವೆಯ ಸಾಲಿಗಾಂವ್ ಹಳ್ಳಿಯವರು. ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು; ತಾಯಿ ಬಟ್ಟೆ ಹೊಲಿದು ಸಾಕಿದರು. ಜೆ. ಜೆ. ಕಲಾಶಾಲೆಯಲ್ಲಿ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳುವಳಿಗೆ ಕೈಹಾಕಿದ್ದಕ್ಕೆ 1945ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಸೈಯದ್ ಹೈದರ್ ರಜಾ ಮಧ್ಯಪ್ರದೇಶದ ಒಬ್ಬ ಅರಣ್ಯಾಧಿಕಾರಿಯ ಮಗ. ಮುಂಬಯಿಯಲ್ಲಿ ಮುದ್ರಣದ ಬ್ಲಾಕು ಮಾಡುವ ಕಾರ್ಯಾಲಯದಲ್ಲಿ ದುಡಿಯುತ್ತ ಚಿತ್ರ ಬರೆದರು. ಹರಿ ಅಂಬಾದಾಸ್ ಗಾಡೆ ಅಮರಾವತಿ ಕಡೆಯವರು, ವಿಜ್ಞಾನ ಓದಿದವರು. ಆರನೆಯವರು ಬರೋಡದಲ್ಲಿ ಹುಟ್ಟಿದ ಸದಾನಂದ ಬಾಕ್ರೆ. ಬಳಗದ ಒಬ್ಬರೇ ಶಿಲ್ಪಿ.

ಮೋಟಾರು ತೊಳೆಯುವವ, ಹೋರ್ಡಿಂಗು ಬರೆಯುವವ, ಹೊಲಿಗೆಯಾಕೆಯ ಮಗ, ಬ್ಲಾಕು ಕಾರ್ಯಾಲಯದ ನೌಕರ. ನಮ್ಮ ಊರಿನ ಐವರನ್ನೂ ಇವರ ಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಕಲೆ ಎಂಬುದು ಹೊಟ್ಟೆ ತುಂಬಿದವರ ಹವ್ಯಾಸ ಎನ್ನುವ ಮಾತು ಎಷ್ಟರ ಮಟ್ಟಿಗೆ ನಿಜ?

ಇವರು ಒಟ್ಟಾಗಿ ಏಕೆ ಪ್ರದರ್ಶನ ಇಟ್ಟರು? ಆರು ಮಂದಿಯ ಕೈಬರಹ ಒಂದೇ ಆಗಿರಲಿಲ್ಲ. ಆರಾ ಹೂಕುಂಡ, ಹಣ್ಣು, ಮಡಕೆಗಳನ್ನು ಬರೆಯುವವರು. ರಜಾ ಮತ್ತು ಗಾಡೆ ಬಯಲು, ಬೀದಿ, ಮನೆಗಳನ್ನು ಬರೆಯುವವರು. ಹುಸೇನರದು ಹಳ್ಳಿಯ ಜನ. ಸೋಜಾ ಅವರ ಗೆರೆ ಕೊಡಲಿಯ ಏಟಿನಂಥದು. ಆದರೆ ಒಂದು ವಿಷಯದಲ್ಲಿ ಎಲ್ಲರಿಗೂ ಒಮ್ಮತವಿತ್ತು. ಬ್ರಿಟಿಷರು ತಮ್ಮ ಕಲಾಶಾಲೆಗಳಲ್ಲಿ ಕಲಿಸಿದ, ಇದ್ದದ್ದನ್ನು ಇದ್ದಂತೆ ನಕಲು ಮಾಡುವ ಪಾಠವೂ ಬೇಡ. ಹಳೆಯ ಕಾಲವನ್ನು ನೆನೆದು ನಿಟ್ಟುಸಿರು ಬಿಡುವ ಮಂಕು ಬಣ್ಣದ ಚಿತ್ರಗಳೂ ಬೇಡ. 1948ರಲ್ಲಿ ದಿಲ್ಲಿಯಲ್ಲಿ ದೇಶದ ಪ್ರಾಚೀನ ಶಿಲ್ಪಗಳ ದೊಡ್ಡ ಪ್ರದರ್ಶನ ನಡೆದಾಗ ಸೋಜಾ ಮತ್ತು ಹುಸೇನ್ ಹೋಗಿ ನೋಡಿ ಬಂದರು. ಮಥುರೆಯ ಶಿಲ್ಪದ ಮೈಕಟ್ಟು, ಬಸೋಲಿ ಚಿತ್ರಗಳ ದಟ್ಟ ಬಣ್ಣ ಹುಸೇನರ ಕೈಗೆ ಹತ್ತಿದ್ದು ಅಲ್ಲಿಂದ. ಬೇರು ಇಲ್ಲಿಯದು, ಕಣ್ಣು ಮಾತ್ರ ಹೊಸದಾಗಿರಬೇಕು ಎಂಬುದು ಅವರ ಹಟ.

ಇನ್ನೊಂದು ಕಾರಣ ನಿಮಗೆ ಬೇಗ ತಿಳಿಯುವಂಥದು. ಒಬ್ಬನೇ ಜಾಗ ಹಿಡಿಯಬೇಕಾದರೆ ಬಾಡಿಗೆ, ಚೌಕಟ್ಟು, ಪಟ್ಟಿಯ ಅಚ್ಚು, ಸಾಗಣೆ ಎಲ್ಲವೂ ಒಬ್ಬನ ತಲೆಯ ಮೇಲೆ. ಆರು ಜನ ಸೇರಿದರೆ ಖರ್ಚು ಆರು ಪಾಲು. ಪತ್ರಿಕೆಯವರು ಕಣ್ಣೆತ್ತಿ ನೋಡುತ್ತಾರೆ. ಒಬ್ಬನನ್ನು ಬೈದರೆ ಉಳಿದ ಐವರು ಉತ್ತರ ಕೊಡುತ್ತಾರೆ. ಸಂಘ ಕಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೆಲಸದ ವಿಚಾರ. ತೈಲಚಿತ್ರ ಎಂದರೆ ಏನೋ ಮಂತ್ರವೆಂದು ತಿಳಿಯಬೇಡಿ. ಅದರ ಬುಡದಲ್ಲಿ ಇರುವುದು ಬಟ್ಟೆ. ಅಗಸೆ ನಾರಿನದೋ ಹತ್ತಿಯದೋ ಒಂದು ದಪ್ಪ ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಬಿಗಿದು, ಮೊಳೆ ಹೊಡೆದು, ಮೇಲೆ ಸರಿ ಹಚ್ಚುತ್ತಾರೆ. ನಮ್ಮ ಗಿರಣಿಯಲ್ಲಿ ಹಾಸುನೂಲಿಗೆ ಗಂಜಿ ಕುಡಿಸುವುದಿಲ್ಲವೆ? ಅಲ್ಲಿ ನೂಲು ತಡೆಯಲಿ ಎಂದು. ಇಲ್ಲಿ ಎಣ್ಣೆ ಬಟ್ಟೆಯೊಳಗೆ ಇಳಿದು ಅದನ್ನು ಕೊಳೆಸದಿರಲಿ ಎಂದು. ಬಣ್ಣವೆಂದರೆ ಅಗಸೆ ಎಣ್ಣೆಯಲ್ಲಿ ಅರೆದ ಪುಡಿ. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯೊಳಗಿನ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಷ್ಟಾಗಲು ಕೆಲವು ದಿನ ಬೇಕು, ಪೂರ್ತಿ ಗಟ್ಟಿಯಾಗಲು ತಿಂಗಳುಗಳು ಬೇಕು. ಕೆಳಗಿನ ಪದರದಲ್ಲಿ ಎಣ್ಣೆ ಕಡಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ಇದನ್ನು ತಿರುವುಮುರುವು ಮಾಡಿದರೆ ಚಿತ್ರ ಬಿರುಕು ಬಿಡುತ್ತದೆ. ಶಿಲ್ಪಿಯ ಕೆಲಸವೂ ಹೀಗೆಯೇ. ಕಬ್ಬಿಣದ ಸರಳು, ತಂತಿಯ ಎಲುಬುಗೂಡಿನ ಮೇಲೆ ಜೇಡಿ ಮೆತ್ತಿ ರೂಪ ತೆಗೆದು, ಪ್ಲಾಸ್ಟರಿನ ಅಚ್ಚು ಹಿಡಿದು, ಆಮೇಲೆ ಸಿಮೆಂಟಿನಲ್ಲೋ ಕಂಚಿನಲ್ಲೋ ಎರಕ ಹೊಯ್ಯುತ್ತಾನೆ. ಕಂಚಿಗೆ ದುಡ್ಡಿಲ್ಲದವನ ಕೆಲಸ ಎಷ್ಟೋ ಸಲ ಪ್ಲಾಸ್ಟರಿನಲ್ಲೇ ನಿಲ್ಲುತ್ತದೆ. ನೋಡಿದಿರಾ, ಇದೂ ಕೈಗೆಲಸ. ಇದಕ್ಕೂ ಸರಕು ಬೇಕು, ಹೊತ್ತು ಬೇಕು, ಕಲಿತ ಕೈ ಬೇಕು. ನೇಯ್ಗೆ ಬಲ್ಲವನು ಇದರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದ ಕಾರಣವಿಲ್ಲ.

ಇನ್ನು ಕಹಿ ಮಾತಿಗೆ ಬರೋಣ. ಬಳಗ ಹುಟ್ಟಿದಾಗ ಅವರ ಆಸೆ, ಜನರಿಗೂ ಕಲಾವಿದನಿಗೂ ನಡುವೆ ಇರುವ ಕಂದರವನ್ನು ಮುಚ್ಚಬೇಕು ಎಂಬುದಾಗಿತ್ತು. 1949ರ ಪ್ರದರ್ಶನದ ಪಟ್ಟಿಗೆ ಮುನ್ನುಡಿ ಬರೆದ ಸೋಜಾ ಆ ಆಸೆಯನ್ನು ಕೈಬಿಟ್ಟೆವೆಂದು ಒಪ್ಪಿಕೊಂಡರು. ಈ ಕಂದರವನ್ನು ಮುಚ್ಚಲಾಗದು, ಮೊದಲಿನ ಎಡಪಂಥದ ಉತ್ಸಾಹವನ್ನು ನಾವು ಬಿಟ್ಟಿದ್ದೇವೆ, ಇನ್ನು ನಾವು ನಮ್ಮ ಇಷ್ಟದಂತೆ ಬರೆಯುತ್ತೇವೆ ಎಂಬುದು ಅವರ ಮಾತಿನ ತಿರುಳು. ಅದೇ ವರ್ಷ ಅವರು ಲಂಡನ್ನಿಗೆ ಹೋದರು. 1950ರಲ್ಲಿ ರಜಾ ಪ್ಯಾರಿಸಿಗೆ ಹೊರಟರು. 1951ರಲ್ಲಿ ಬಾಕ್ರೆಯೂ ಲಂಡನ್ನಿಗೆ ಹೋದರು. ಗಾಯ್ತೊಂಡೆ, ಕೃಷ್ಣ ಖನ್ನಾ ಮೊದಲಾದ ಹೊಸಬರು ಬಂದು ಸೇರಿದರೂ 1956ರ ಹೊತ್ತಿಗೆ ಬಳಗ ಮುರಿದುಹೋಯಿತು.

ಸೋಜಾ ಹಾಗೆ ಬರೆಯಲು ಕಾರಣವೇನು? ಇಲ್ಲಿ ನಮ್ಮಂಥವರ ತಪ್ಪೂ ಇದೆ ಎಂದು ನಾವು ಹೇಳಲೇಬೇಕು. ಅವರು ಸ್ವಲ್ಪ ಕಾಲ ಕಮ್ಯೂನಿಸ್ಟ್ ಪಕ್ಷದಲ್ಲಿದ್ದರು. ಬಡವರನ್ನು, ದುಡಿಯುವವರನ್ನು ಬರೆದರು. ಹೀಗೆ ಬರೆ, ಹಾಗೆ ಬರೆಯಬೇಡ ಎಂಬ ಅಪ್ಪಣೆ ಸಹಿಸದೆ ಹೊರಬಿದ್ದರು. ಅದು ನಮ್ಮ ಪಕ್ಷವಲ್ಲ ಎಂದು ಸಮಾಜವಾದಿಗಳು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಎದೆ ಮುಟ್ಟಿ ಹೇಳಿ: ಚಿತ್ರವೆಂದರೆ ಮುಷ್ಟಿ ಎತ್ತಿದ ಕೈ, ಕೆಂಪು ಬಾವುಟ ಇರಲೇಬೇಕು, ಇಲ್ಲವಾದರೆ ಅದು ನಮ್ಮದಲ್ಲ ಎಂಬ ಯೋಚನೆ ನಮ್ಮಲ್ಲಿ ಯಾರಿಗೂ ಇಲ್ಲವೆ? ಗಿರಣಿಯ ಜಾಬರನಂತೆ ಕಲಾವಿದನ ಬೆನ್ನ ಹಿಂದೆ ನಿಂತರೆ ಅವನು ಓಡಿಹೋಗದೆ ಏನು ಮಾಡಿಯಾನು?

ಆದರೂ ಕಂದರವನ್ನು ಮುಚ್ಚಲಾಗದು ಎಂಬ ಅವರ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಅದನ್ನು ತೋಡಿದವರು ಯಾರೆಂದು ಮೊದಲು ನೋಡಬೇಕು. ರ‍್ಯಾಂಪಾರ್ಟ್ ರೋಗೂ ಪರೇಲಿನ ಗಿರಣಿಗಳಿಗೂ ನಡುವೆ ನಾಲ್ಕೈದು ಮೈಲಿ. ಪ್ರದರ್ಶನದ ಮರುವರ್ಷ, 1950ರಲ್ಲಿ, ಅದೇ ಮುಂಬಯಿಯ ಸುಮಾರು ಎರಡು ಲಕ್ಷ ಗಿರಣಿ ಕಾರ್ಮಿಕರು ಬೋನಸ್ಸಿಗಾಗಿ ಸಮಾಜವಾದಿಗಳ ಮುಂದಾಳುತನದಲ್ಲಿ ಎರಡು ತಿಂಗಳು ಮುಷ್ಕರ ಹೂಡಿದರು. ಹತ್ತು ಗಂಟೆಗೆ ತೆರೆದು ಸಂಜೆಗೆ ಮುಚ್ಚುವ ಚಿತ್ರಶಾಲೆಗೆ ಹಗಲು ಪಾಳಿಯವನು ಯಾವಾಗ ಹೋಗಬೇಕು? ಇಂಗ್ಲಿಷಿನಲ್ಲಿ ಅಚ್ಚಾದ ಪಟ್ಟಿಯನ್ನು ಯಾರು ಓದಬೇಕು?

ಕೆಲವು ವರ್ಷಗಳ ಹಿಂದೆ ನಾವು ಮೂವರು ಒಂದು ದೊಡ್ಡ ಊರಿನ ಚಿತ್ರಶಾಲೆಗೆ ಹೋಗಿದ್ದೆವು. ಬಾಗಿಲಲ್ಲಿ ಕಾವಲಿನವನು, "ಯಾರನ್ನು ನೋಡಬೇಕು?" ಎಂದ. "ಚಿತ್ರ ನೋಡಬೇಕು" ಎಂದೆವು. ಅವನು ನಮ್ಮ ಚಪ್ಪಲಿ ನೋಡಿದ, ಚೀಲ ನೋಡಿದ, ಒಳಗೆ ಹೋಗಿ ಕೇಳಿಬಂದ, ಆಮೇಲೆ ಬಿಟ್ಟ. ಅವನ ಮೇಲೆ ನಮಗೆ ಸಿಟ್ಟಿಲ್ಲ; ಅವನೂ ಹನ್ನೆರಡು ಗಂಟೆ ನಿಲ್ಲುವ ಕೂಲಿಯವನೇ. ಒಳಗೆ ಇದ್ದ ಚಿತ್ರಗಳಲ್ಲಿ ಒಂದು ಬುಟ್ಟಿ ಹೊತ್ತ ಹೆಂಗಸಿನದು. ಆಕೆಯೇ ನಡೆದು ಬಂದಿದ್ದರೆ ಆ ಬಾಗಿಲಲ್ಲಿ ಅವಳನ್ನು ಬಿಡುತ್ತಿದ್ದರೆ ಎಂದು ಜೊತೆಗಿದ್ದ ಸ್ನೇಹಿತರು ಕೇಳಿದರು. ನಾವು ಹೇಳುವ ಕಂದರ ಇದೇ. ಇದು ಬುದ್ಧಿಯ ಕಂದರವಲ್ಲ. ಹೊತ್ತಿನದು, ದುಡ್ಡಿನದು, ಭಾಷೆಯದು, ಹೆದರಿಕೆಯದು.

ಇದರ ಇನ್ನೊಂದು ದಡವನ್ನೂ ನೋಡಿರಿ. ಹುಸೇನ್ 1954ರಲ್ಲಿ "ಗ್ರಾಮ ಯಾತ್ರಾ" ಎಂಬ ಸುಮಾರು 14 ಅಡಿ ಉದ್ದದ ಒಂದು ತೈಲಚಿತ್ರ ಬರೆದರು. ಅದರಲ್ಲಿ 13 ತುಂಡು ದೃಶ್ಯಗಳು, ಎಲ್ಲವೂ ಹಳ್ಳಿಯ ಬಾಳಿನವು. ಒಬ್ಬ ವೈದ್ಯ ಅದನ್ನು ಕೊಂಡು ನಾರ್ವೆಗೆ ಒಯ್ದ. ಮುಂದೆ ಅದು ಆಸ್ಲೋ ನಗರದ ಆಸ್ಪತ್ರೆಯ ಗೋಡೆಯಲ್ಲಿ ಹತ್ತಾರು ವರ್ಷ ಇತ್ತು. 2025ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 1 ಕೋಟಿ 37 ಲಕ್ಷ ಡಾಲರಿಗೂ ಮೇಲೆ, ಅಂದರೆ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಅದನ್ನು ಬರೆದವರು 2011ರಲ್ಲೇ ತೀರಿಕೊಂಡಿದ್ದರು, ಅದೂ ಲಂಡನ್ನಿನಲ್ಲಿ. ತಮ್ಮ ಚಿತ್ರಗಳ ಮೇಲೆ ಎದ್ದ ಮೊಕದ್ದಮೆ ಮತ್ತು ಬೆದರಿಕೆಗಳಿಂದಾಗಿ 2006ರಲ್ಲಿ ದೇಶ ಬಿಟ್ಟವರು ಮತ್ತೆ ಇಲ್ಲಿಗೆ ಬಂದು ನೆಲೆಸಲಿಲ್ಲ. ವ್ಯಾಪಾರಿ ಬಂಧುಗಳು ಲಾಭವನ್ನು ಬಲ್ಲವರು. ಆದರೆ ಹಳ್ಳಿಯವರ ಬಾಳಿನ ಚಿತ್ರ ಹಳ್ಳಿಯವರ ಕಣ್ಣಿಗೆ ಬೀಳದೆ 118 ಕೋಟಿಯ ಸರಕಾದರೆ, ಅದನ್ನು ವ್ಯಾಪಾರವೆನ್ನಬೇಕೋ ಜೂಜೆನ್ನಬೇಕೋ ನೀವೇ ಹೇಳಿ. ಬಳಗದ ಶಿಲ್ಪಿ ಬಾಕ್ರೆ 1975ರಲ್ಲಿ ಊರಿಗೆ ಮರಳಿ ಕೊಂಕಣದ ಒಂದು ಕಡಲ ಹಳ್ಳಿಯಲ್ಲಿ ಇದ್ದು 2007ರಲ್ಲಿ ಕಣ್ಣು ಮುಚ್ಚಿದರು. ಅವರ ಹೆಸರು ಕೇಳಿದವರು ಈ ಸಭೆಯಲ್ಲಿ ಎಷ್ಟು ಮಂದಿ?

ಹಾಗಾದರೆ ಕಂದರ ಮುಚ್ಚಿದ ಒಂದಾದರೂ ಉದಾಹರಣೆ ಇದೆಯೆ ಎಂದು ಕೇಳುತ್ತೀರಿ. ಇದೆ. ಶಾಂತಿನಿಕೇತನದಲ್ಲಿ ರಾಮಕಿಂಕರ್ ಬೈಜ್ 1956ರಲ್ಲಿ "ಗಿರಣಿಯ ಕರೆ" ಎಂಬ ಶಿಲ್ಪ ಮಾಡಿದರು. ಸಿಮೆಂಟು ಮತ್ತು ಕೆಂಪು ಜಂಬಿಟ್ಟಿಗೆ ಕಲ್ಲಿನ ಹರಳು ಸೇರಿಸಿದ ಗಾರೆಯ ಕೆಲಸ. ಇಬ್ಬರು ಸಂತಾಲ ಹೆಂಗಸರು ಭೋಂಗಾ ಕೇಳಿ ಗಿರಣಿಗೆ ಓಡುತ್ತಿದ್ದಾರೆ, ಸೀರೆ ಗಾಳಿಗೆ ಹಾರುತ್ತಿದೆ, ಹಿಂದೆ ಒಂದು ಮಗು. ಅದು ಬಯಲಿನಲ್ಲಿ, ಬಿಸಿಲು ಮಳೆಯಲ್ಲಿ ನಿಂತ ಶಿಲ್ಪ. ಭೋಂಗಾ ಕೇಳಿ ಓಡಿದ ಅಭ್ಯಾಸ ಇರುವವರಿಗೆ ಅದರ ಅರ್ಥ ಹೇಳಿಕೊಡಲು ಪಂಡಿತರು ಬೇಕಾಗಿಲ್ಲ. ಇನ್ನೊಂದು, ಮದರಾಸಿನ ಮರೀನಾ ತೀರದಲ್ಲಿ 1959ರಲ್ಲಿ ನಿಂತ, ದೇವಿಪ್ರಸಾದ ರಾಯ್ ಚೌಧುರಿಯವರ "ಶ್ರಮದ ವಿಜಯ". ನಾಲ್ವರು ಆಳುಗಳು ಒಂದು ಬಂಡೆಯನ್ನು ಕದಲಿಸುತ್ತಿದ್ದಾರೆ. ಸಿಂಗಾರವೇಲರು 1923ರಲ್ಲಿ ದೇಶದ ಮೊದಲ ಮೇ ದಿನವನ್ನು ಆಚರಿಸಿದ್ದೂ ಅದೇ ಮದರಾಸಿನ ಕಡಲ ದಂಡೆಯಲ್ಲಿ. ಇವೆರಡನ್ನೂ ನೋಡಲು ಯಾರ ಚಪ್ಪಲಿಯನ್ನೂ ಯಾರೂ ನೋಡುವುದಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇವೆ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಹೂವೇಕೆ? ಸರಿ. ಆದರೆ ನಾವು ಹೋರಾಡಿ ಎಂಟು ಗಂಟೆಯ ಪಾಳಿ ಪಡೆದದ್ದು ಏಕೆ? ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ. ಉಳಿದ ಎಂಟು ಗಂಟೆ ಯಾರದು? ಬರಿಯ ಹಿಟ್ಟೇ ಸಾಕು ಎನ್ನುವುದು ಧಣಿಯ ಲೆಕ್ಕ. ಎತ್ತಿಗೂ ಅವನು ಅಷ್ಟನ್ನು ಹಾಕುತ್ತಾನೆ. ನಮ್ಮ ಮನೆಯ ಹೆಂಗಸರು ಅರೆಹೊಟ್ಟೆಯಲ್ಲಿದ್ದ ದಿನವೂ ಹೊಸ್ತಿಲಿಗೆ ರಂಗೋಲಿ ಬಿಟ್ಟವರಲ್ಲ. ಹಿಟ್ಟಿಗೂ ಹೂವಿಗೂ ಜಗಳ ಹಚ್ಚುವುದು ಬೇಡ. ಎರಡೂ ನಮಗೆ ಬರಬೇಕಾದ ಬಾಕಿಯೇ.

ಕಷ್ಟನಿಧಿಗೆ ಕೊರತೆ ಆಗಬಾರದು ಎಂಬ ಮಾತನ್ನು ಮಾತ್ರ ನಾವು ಪೂರ್ತಿ ಒಪ್ಪುತ್ತೇವೆ. ಆದ್ದರಿಂದ ನಮ್ಮ ಸಲಹೆ ಹೀಗಿದೆ. ಮದುವೆಯ ಮುಹೂರ್ತ ಇಲ್ಲದ ಎಂಟು ದಿನಗಳನ್ನು ಆರಿಸೋಣ. ಆಷಾಢದಲ್ಲಿ ಭವನ ಹೇಗೂ ಖಾಲಿ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ತೆರೆದಿಡೋಣ. ರಾತ್ರಿ ಪಾಳಿ ಬಿಟ್ಟವರು ಮನೆಗೆ ಹೋಗುತ್ತ ನೋಡಲಿ, ಹಗಲಿನವರು ಸಂಜೆ ಹೆಂಡತಿ ಮಕ್ಕಳೊಡನೆ ಬರಲಿ. ಟಿಕೀಟು ಬೇಡ. ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಹೆಸರು, ಬರೆದವರ ಹೆಸರು, ಸರಕು ಏನು ಎಂಬುದು ಇರಲಿ. ಐವರಲ್ಲಿ ಒಬ್ಬರಾದರೂ ಸದಾ ಅಲ್ಲಿದ್ದು ಕೇಳಿದ್ದಕ್ಕೆ ಉತ್ತರ ಕೊಡಲಿ. ಅಂಗಡಿಯ ಬಂಧುಗಳು ಹಲಗೆ, ಹಗ್ಗ, ಬಲ್ಬು, ಗೋಡೆಗೆ ಬಿಳಿ ಬಟ್ಟೆ ಎಂಟು ದಿನದ ಮಟ್ಟಿಗೆ ಎರವಲು ಕೊಟ್ಟರೆ ಖರ್ಚೇ ಇಲ್ಲ. ಕಲಾವಿದನಿಗೂ ಹೊಟ್ಟೆ ಇದೆ ಎಂಬುದನ್ನು ಮರೆಯಬಾರದು. ಹತ್ತು ಜನ ಸೇರಿ ಚೀಟಿ ಹಾಕಿ ತಿಂಗಳಿಗೊಂದು ಸಣ್ಣ ಚಿತ್ರ ಕೊಳ್ಳಬಹುದು. ಪಾತ್ರೆ ಚೀಟಿ ನಡೆಸಿದವರಿಗೆ ಇದೇನು ಹೊಸತೆ? ಮಾರಾಟದಲ್ಲಿ ರೂಪಾಯಿಗೆ ಒಂದಾಣೆಯಷ್ಟನ್ನು ಕಷ್ಟನಿಧಿಗೆ ಕೊಡುತ್ತೇವೆಂದು ಆ ಐವರೇ ಮುಂದೆ ಬಂದು ಹೇಳಿದ್ದಾರೆ.

ಎರಡು ಷರತ್ತು ನಮ್ಮ ಮೇಲೂ ಇರಲಿ. ಒಂದು, ಏನು ಬರೆಯಬೇಕೆಂದು ನಾವು ಅವರಿಗೆ ಹೇಳಕೂಡದು. ಇನ್ನೊಂದು, ಚಿತ್ರ ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಅವರ ಮುಖದ ಮುಂದೆಯೇ ಹೇಳಬೇಕು, ಅರ್ಥವಾಗದಿದ್ದರೆ ಕೇಳಬೇಕು. ಅರ್ಥವಾದಂತೆ ತಲೆಯಾಡಿಸುವುದು ದೊಡ್ಡ ಊರಿನವರ ರೋಗ. ಯಾರಾದರೂ ಗುಂಪು ಕಟ್ಟಿಕೊಂಡು ಬಂದು ಚಿತ್ರಕ್ಕೆ ಕೈ ಹಚ್ಚಿದರೆ, ಬಾಗಿಲಲ್ಲಿ ನಮ್ಮ ಸ್ವಯಂಸೇವಕರು ನಿಂತಿರುತ್ತಾರೆ.

ಸೋಜಾ ಮುಚ್ಚಲಾಗದೆಂದು ಬರೆದ ಕಂದರಕ್ಕೆ ನಮ್ಮ ಊರು ಒಂದು ಬುಟ್ಟಿ ಮಣ್ಣು ಹಾಕಲಿ ಎಂಬುದಷ್ಟೇ ನಮ್ಮ ಕೇಳಿಕೆ. ಒಂದು ಬುಟ್ಟಿಯಿಂದ ಅದು ತುಂಬದು, ನಿಜ. ಸಂಘಕ್ಕೆ ಮೊದಲ ದಿನ ಸೇರಿದವರು ಹನ್ನೊಂದೇ ಜನ ಎಂಬುದನ್ನು ಹಿರಿಯರು ಬಲ್ಲರು. ಈಗ ಕೈ ಎತ್ತುವ ಮೊದಲು ಯಾರಿಗೆ ಏನು ಹೇಳಬೇಕೋ ಹೇಳಿ. ಬೇಡ ಎನ್ನುವವರು ಮೊದಲು ಮಾತಾಡಲಿ.